ಪ್ರೊಫೆಸರ್ ಜಿ. ಎನ್. ರಾಮಚಂದ್ರನ್ನರ ಜೀವನವೃತ್ತಾಂತ

ನಮ್ಮ ಅತ್ತಿಬೆಲೆಯು ಗಡಿಯ ಊರು. ಊರ ಮುಂದಿನ ಹೆದ್ದಾರಿಯಲ್ಲಿ ತುಸು ದೂರ ನಡೆದರೆ ಕನ್ನಡ ನಾಡು ಮುಗಿದು ತಮಿಳು ನಾಡು ಮೊದಲಾಗುವುದು. ಇಲ್ಲಿ ಹುಟ್ಟಿ ಬೆಳೆದವರಿಗೆ ಗಡಿಯನ್ನು ದಾಟುವುದು ಸಾಹಸವೇನೂ ಅಲ್ಲ. ಸಂತೆಗೂ ಮದುವೆಗೂ ದುಡಿಮೆಗೂ ದಿನವೂ ದಾಟುತ್ತಿರುವವರೇ. ಆದರೆ ವಿದ್ಯೆಯಲ್ಲಿಯೂ ಗಡಿಗಳುಂಟು. ಅವುಗಳನ್ನು ದಾಟುವುದಕ್ಕೆ ನಮ್ಮ ಮನಸ್ಸು ಅಷ್ಟು ಸುಲಭವಾಗಿ ಒಡಂಬಡುವುದಿಲ್ಲ. ಅಂತಹ ಗಡಿಯೊಂದನ್ನು ದಾಟಿ, ದಾಟಿದ ದಾರಿಯನ್ನು ಇತರರಿಗೂ ತೆರೆದಿಟ್ಟ ಒಬ್ಬ ಮಹನೀಯರ ಚರಿತ್ರೆಯನ್ನು ನಮ್ಮ ಶಾಲೆಯ ಈ ಸ್ಮರಣಸಂಚಿಕೆಯಲ್ಲಿ ವಾಚಕರ ಮುಂದಿಡಲು ನಾವು ಸಂತೋಷಪಡುತ್ತೇವೆ.

ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಪ್ರತಿವರ್ಷವೂ ಹತ್ತನೆಯ ತರಗತಿಯನ್ನು ಮುಗಿಸಿದ ವಿದ್ಯಾರ್ಥಿನಿಯರು ನಮ್ಮಲ್ಲಿಗೆ ಬಂದು, ಮುಂದೆ ಯಾವ ವಿದ್ಯೆಯನ್ನು ಹಿಡಿಯಬೇಕೆಂದು ಕೇಳುವರು. ಆಗ ಹಿರಿಯರೆಲ್ಲರ ಬಾಯಲ್ಲಿಯೂ ಬರುವ ಉತ್ತರವೊಂದೇ. ಗಣಿತವು ಹಿಡಿಸದವರು ಜೀವಶಾಸ್ತ್ರವನ್ನು ತೆಗೆದುಕೊಳ್ಳಲಿ, ಗಣಿತವನ್ನು ಬಲ್ಲವರು ಯಂತ್ರವಿದ್ಯೆಯನ್ನೋ ಗಣಕವಿದ್ಯೆಯನ್ನೋ ತೆಗೆದುಕೊಳ್ಳಲಿ ಎಂಬುದೇ ಅದು. ನಾವೂ ಬಹುಕಾಲ ಹೀಗೆಯೇ ಹೇಳುತ್ತ ಬಂದೆವೆಂದು ಒಪ್ಪಿಕೊಳ್ಳಬೇಕು. ಆ ಮಾತನ್ನು ನಂಬಿ ಗಣಿತವನ್ನು ಕೈಬಿಟ್ಟ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ಜೀವಶಾಸ್ತ್ರದಲ್ಲಿ ಉನ್ನತ ಪದವಿಯನ್ನು ಪಡೆದು, ಪ್ರಯೋಗಶಾಲೆಯಲ್ಲಿ ಕೆಲವು ವರ್ಷ ಶ್ರದ್ಧೆಯಿಂದ ದುಡಿದಳು. ತರುವಾಯ ತಾನು ಮಾಡಬೇಕಾದ ಕೆಲಸವೆಲ್ಲವೂ ಗಣಕಯಂತ್ರದ ಕಡೆಗೆ ಸರಿಯುತ್ತಿರುವುದನ್ನು ಕಂಡು, ಕೆಲಸ ಮುಗಿದ ಮೇಲೆ ರಾತ್ರಿಯ ಹೊತ್ತು ಬೀಜಗಣಿತವನ್ನು ಮೊದಲಿನಿಂದ ಕಲಿಯಬೇಕಾಯಿತು. ಶಾಲೆಗೆ ಬಂದಿದ್ದಾಗ ಆಕೆಯು ನಮ್ಮನ್ನು ದೂರಲಿಲ್ಲ. ಹತ್ತನೆಯ ತರಗತಿಯಲ್ಲಿ ತನಗೆ ಗಣಿತವನ್ನು ಬಿಡಬೇಡವೆಂದು ಯಾರಾದರೂ ಹೇಳಬಾರದಿತ್ತೇ ಎಂದು ಮಾತ್ರ ಮೆಲ್ಲನೆ ಕೇಳಿದಳು. ಆ ಪ್ರಶ್ನೆಗೆ ನಾವು ಅಂದು ಕೊಡಲಾರದೆ ಹೋದ ಉತ್ತರವು ಈ ಚರಿತ್ರೆಯಲ್ಲಿದೆ.

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ನರು 1922ನೆಯ ಇಸವಿ ಅಕ್ಟೋಬರ್ 8ನೆಯ ದಿನ, ಅಂದಿನ ಕೊಚ್ಚಿ ಸಂಸ್ಥಾನಕ್ಕೆ ಸೇರಿದ್ದ ಎರ್ನಾಕುಲಂ ಪಟ್ಟಣದಲ್ಲಿ ಜನಿಸಿದರು. ತಂದೆ ನಾರಾಯಣ ಅಯ್ಯರವರು ಅಲ್ಲಿನ ಮಹಾರಾಜರ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರು. ಮಗನಿಗೆ ಗಣಿತವು ಮನೆಯಲ್ಲಿಯೇ ತಾಯ್ನುಡಿಯಂತೆ ಒದಗಿ ಬಂದಿತು. ಶಾಲೆಯ ಪಾಠವನ್ನು ಮುಗಿಸಿ ಅವರು ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜನ್ನು ಸೇರಿದರು. ಯೇಸು ಸಭೆಯ ಪಾದ್ರಿಗಳು ನಡೆಸುತ್ತಿದ್ದ ಆ ಕಾಲೇಜು ದಕ್ಷಿಣ ದೇಶದಲ್ಲಿ ವಿಜ್ಞಾನದ ಪಾಠಕ್ಕೆ ಹೆಸರಾಗಿದ್ದಿತು. ಅಲ್ಲಿ ಭೌತಶಾಸ್ತ್ರವನ್ನು ಓದಿ 1942ರಲ್ಲಿ ಆನರ್ಸ್ ಪರೀಕ್ಷೆಯಲ್ಲಿ ಉನ್ನತ ಸ್ಥಾನವನ್ನು ಪಡೆದು ತೇರ್ಗಡೆಯಾದರು.

ಮಗನು ಸರ್ಕಾರದ ದೊಡ್ಡ ಹುದ್ದೆಗೆ ಸೇರಬೇಕೆಂಬುದು ತಂದೆಯವರ ಅಪೇಕ್ಷೆ. ರಾಮಚಂದ್ರನ್ನರ ಮನಸ್ಸು ಮಾತ್ರ ಅತ್ತ ಹೋಗಲಿಲ್ಲ. ಅದೇ ವರ್ಷ ಅವರು ಬೆಂಗಳೂರಿಗೆ ಬಂದು, 1909ರಲ್ಲಿ ಸ್ಥಾಪಿತವಾಗಿದ್ದ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿದ್ಯುಚ್ಛಕ್ತಿಯ ಯಂತ್ರಶಾಸ್ತ್ರವನ್ನು ಕಲಿಯಲು ಸೇರಿಕೊಂಡರು. ಆಗ ಅಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು ಸರ್ ಸಿ. ವಿ. ರಾಮನ್ನರು. ಈ ತರುಣನ ಬುದ್ಧಿಯನ್ನು ಕಂಡು ಅವರು ಆತನನ್ನು ತಮ್ಮ ವಿಭಾಗಕ್ಕೆ ಬರಮಾಡಿಕೊಂಡರು. ಇದು ರಾಮಚಂದ್ರನ್ನರು ದಾಟಿದ ಮೊದಲನೆಯ ಗಡಿ.

ಇಲ್ಲಿ ನಮ್ಮ ಹೆಣ್ಣುಮಕ್ಕಳು ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ಇದಕ್ಕೆ ಒಂಬತ್ತು ವರ್ಷ ಮೊದಲು, 1933ರಲ್ಲಿ, ಮುಂಬಯಿಯ ಪದವೀಧರೆಯಾದ ಕಮಲಾ ಭಾಗವತ್ ಎಂಬಾಕೆ ಇದೇ ಮಂದಿರದ ಬಾಗಿಲನ್ನು ತಟ್ಟಿದಾಗ, ಹೆಣ್ಣೆಂಬ ಕಾರಣದಿಂದ ರಾಮನ್ನರು ಆಕೆಯನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಆಕೆಯು ಹಿಂದೆ ಸರಿಯದೆ ಹಟ ಹಿಡಿದು ನಿಂತುದರಿಂದ, ಕೆಲವು ಷರತ್ತುಗಳ ಮೇಲೆ ಪ್ರವೇಶವು ದೊರೆಯಿತು. ತನ್ನ ಕೆಲಸದಿಂದಲೇ ಆ ಸಂಶಯವನ್ನು ಪರಿಹರಿಸಿ, ಕೇಂಬ್ರಿಜಿಗೆ ಹೋಗಿ 1939ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಕಮಲಾ ಸೊಹೋನಿ ಎಂಬ ಹೆಸರಿನಿಂದ ಜೀವರಸಾಯನ ವಿಜ್ಞಾನದಲ್ಲಿ ಆಕೆಯು ಪ್ರಸಿದ್ಧರಾದರು. ಒಬ್ಬನಿಗೆ ಕರೆದು ತೆರೆದ ಬಾಗಿಲು ಮತ್ತೊಬ್ಬಳಿಗೆ ತಟ್ಟಿ ತಟ್ಟಿ ತೆರೆಯಬೇಕಾಯಿತು. ಮಹನೀಯರ ಚರಿತ್ರೆಯನ್ನು ಬರೆಯುವಾಗ ಇದನ್ನು ಮರೆಮಾಡುವುದು ನಮಗೆ ಸರಿಯೆನಿಸುವುದಿಲ್ಲ.

ರಾಮನ್ನರ ಬಳಿಯಲ್ಲಿ ರಾಮಚಂದ್ರನ್ನರು ವಜ್ರವೇ ಮೊದಲಾದ ಹರಳುಗಳ ಮೇಲೆ ಬೆಳಕನ್ನೂ ಕ್ಷ-ಕಿರಣಗಳನ್ನೂ ಹಾಯಿಸಿ, ಅವುಗಳೊಳಗಿನ ರಚನೆಯನ್ನು ಪರೀಕ್ಷಿಸುವ ವಿದ್ಯೆಯನ್ನು ಕಲಿತರು. 1947ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಅವರಿಗೆ ಡಿ. ಎಸ್‌ಸಿ. ಪದವಿಯನ್ನು ಕೊಟ್ಟಿತು. ಅನಂತರ ಇಂಗ್ಲೆಂಡಿಗೆ ತೆರಳಿ, ಕೇಂಬ್ರಿಜಿನ ಕ್ಯಾವೆಂಡಿಶ್ ಪ್ರಯೋಗಶಾಲೆಯಲ್ಲಿ ಎರಡು ವರ್ಷ ದುಡಿದು, 1949ರಲ್ಲಿ ಮತ್ತೊಂದು ಡಾಕ್ಟರ್ ಪದವಿಯೊಡನೆ ಬೆಂಗಳೂರಿಗೆ ಮರಳಿದರು. ಆ ವರೆಗೆ ಅವರು ಕೈಯಲ್ಲಿ ಹಿಡಿದಿದ್ದುದು ಕಲ್ಲು, ಹರಳು, ಕಿರಣ. ಜೀವವಸ್ತುವಿನ ಮಾತು ಇನ್ನೂ ಬಂದಿರಲಿಲ್ಲ.

1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದ ಡಾಕ್ಟರ್ ಎ. ಲಕ್ಷ್ಮಣಸ್ವಾಮಿ ಮುದಲಿಯಾರವರು ಭೌತಶಾಸ್ತ್ರದ ಹೊಸ ವಿಭಾಗವನ್ನು ನಡೆಸುವುದಕ್ಕೆ ಅವರನ್ನು ಕರೆದರು. ಪ್ರೊಫೆಸರ್ ಪದವಿಗೆ ಏರಿದಾಗ ರಾಮಚಂದ್ರನ್ನರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಆ ಸಮಯದಲ್ಲಿ ಮದರಾಸಿಗೆ ಬಂದಿದ್ದ ವಿಜ್ಞಾನಿ ಜೆ. ಡಿ. ಬರ್ನಾಲರೊಡನೆ ನಡೆದ ಸಂಭಾಷಣೆಯು ಅವರ ಬಾಳಿನ ದಿಕ್ಕನ್ನೇ ತಿರುಗಿಸಿತು. ಕೊಲಾಜನ್ ಎಂಬ ಜೀವವಸ್ತುವಿನ ರಚನೆಯು ಅಂದಿನ ವರೆಗೂ ಯಾರಿಗೂ ತೃಪ್ತಿಕರವಾಗಿ ಬಿಡಿಸಲಾಗದೆ ಉಳಿದಿದ್ದ ಒಗಟು. ಆ ಒಗಟನ್ನು ರಾಮಚಂದ್ರನ್ನರು ಕೈಗೆತ್ತಿಕೊಂಡರು.

ಕೊಲಾಜನ್ ಎಂಬುದು ಯಾವುದೋ ಅಪೂರ್ವ ಪದಾರ್ಥವಲ್ಲ. ನಮ್ಮ ಚರ್ಮಕ್ಕೆ ಬಿಗಿಯನ್ನೂ ಎಲುಬಿಗೆ ಗಟ್ಟಿತನವನ್ನೂ ಕೊಡುವುದು, ಮಾಂಸವನ್ನು ಎಲುಬಿಗೆ ಬಿಗಿಯುವ ಹುರಿಗಳಾಗಿರುವುದು ಇದೇ. ಪ್ರಾಣಿಗಳ ಶರೀರದಲ್ಲಿ ಎಲ್ಲಕ್ಕಿಂತ ಹೇರಳವಾದ ಪ್ರೋಟೀನು ಇದು. ಪ್ರೋಟೀನುಗಳೆಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಉದ್ದನೆಯ ಸರಗಳು. ನಮ್ಮ ಆನೇಕಲ್ಲು ಸೀಮೆಯ ಮನೆಮನೆಗೂ ಪರಿಚಿತವಾದ ರೇಷ್ಮೆಯ ಎಳೆಯೂ ಒಂದು ಪ್ರೋಟೀನೇ. ಅದರಲ್ಲಿ ಸರಗಳು ಚಾಚಿಕೊಂಡು, ಮಗ್ಗದ ಹಾಸಿನಂತೆ ಒಂದರ ಪಕ್ಕದಲ್ಲೊಂದು ಮಲಗಿರುತ್ತವೆ. ಆದುದರಿಂದಲೇ ರೇಷ್ಮೆಯು ಸುಲಭವಾಗಿ ಹಿಗ್ಗುವುದಿಲ್ಲ. ಸರದಲ್ಲಿ ಮಣಿಗಳ ಕ್ರಮವೆಂತು, ಸರವು ಯಾವ ರೀತಿಯಲ್ಲಿ ಮಡಿಸಿಕೊಂಡಿದೆ, ಇವೆರಡನ್ನೂ ಅರಿತರೆ ಆ ವಸ್ತುವಿನ ಗುಣವನ್ನು ಅರಿತಂತಾಯಿತು.

ಮದರಾಸಿನಲ್ಲಿಯೇ ಇದ್ದ ಕೇಂದ್ರ ಚರ್ಮ ಸಂಶೋಧನಾಲಯದಿಂದ ಕೊಲಾಜನ್ನಿನ ಮಾದರಿಗಳನ್ನು ತರಿಸಿ, ರಾಮಚಂದ್ರನ್ನರೂ ಅವರ ಸಹೋದ್ಯೋಗಿ ಗೋಪಿನಾಥ ಕರ್ತಾ ಎಂಬವರೂ ಕ್ಷ-ಕಿರಣದ ಚಿತ್ರಗಳನ್ನು ತೆಗೆದರು. ಕೊಲಾಜನ್ನಿನ ಸರದಲ್ಲಿ ಸುಮಾರು ಮೂರರಲ್ಲೊಂದು ಮಣಿಯು ಗ್ಲೈಸೀನ್ ಎಂಬ ಎಲ್ಲಕ್ಕಿಂತ ಚಿಕ್ಕ ಅಮೈನೋ ಆಮ್ಲ. ಈ ಲೆಕ್ಕವನ್ನು ಹಿಡಿದು ಅವರು, ಮೂರು ಸರಗಳು ಸುರುಳಿಯಾಗಿ ಒಟ್ಟುಗೂಡಿ ನಿಂತಿರುವ ರಚನೆಯೊಂದನ್ನು 1954ರಲ್ಲಿ ಲಂಡನ್ನಿನ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಚಿತ್ರಗಳಿಗೂ ರಚನೆಗೂ ಪೂರ್ಣ ಹೊಂದಿಕೆಯಿಲ್ಲದುದನ್ನು ತಾವೇ ಕಂಡು, ಮರುವರ್ಷ ಅದನ್ನು ತಿದ್ದಿದರು. ಮೂರು ಸುರುಳಿಗಳು ಸುಮ್ಮನೆ ಒತ್ತಾಗಿ ನಿಂತಿಲ್ಲ, ಹಗ್ಗದ ಹುರಿಗಳಂತೆ ಒಂದನ್ನೊಂದು ಸುತ್ತಿಕೊಂಡಿವೆ ಎಂಬುದೇ ಆ ತಿದ್ದುಪಡಿ. ಚಂದ್ರನು ಭೂಮಿಯನ್ನು ಸುತ್ತುತ್ತಿದ್ದರೂ ಒಂದೇ ಮುಖವನ್ನು ನಮಗೆ ತೋರುವಂತೆ, ಪ್ರತಿಯೊಂದು ಸರವೂ ತಿರುಗುತ್ತ ಹೋದರೂ ತನ್ನ ಗ್ಲೈಸೀನನ್ನು ಯಾವಾಗಲೂ ಒಳಗಡೆಗೇ ತೋರಿಸುತ್ತಿರುವುದು. ಒಳಗಿನ ಇಕ್ಕಟ್ಟಾದ ಎಡೆಯಲ್ಲಿ ಆ ಚಿಕ್ಕ ಮಣಿಗಲ್ಲದೆ ಬೇರೆಯದಕ್ಕೆ ಸ್ಥಳವಿಲ್ಲ.

ಇದರಿಂದ ಕೀರ್ತಿಯೂ ಬಂದಿತು, ಅದರ ಬೆನ್ನಿಗೇ ಆಕ್ಷೇಪಣೆಯೂ ಬಂದಿತು. ಕೇಂಬ್ರಿಜಿನಲ್ಲಿದ್ದ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಎಂಬ ವಿಜ್ಞಾನಿಗಳು, ಮದರಾಸಿನ ರಚನೆಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರದಲ್ಲಿವೆಯೆಂದು ತೋರಿಸಿ, 1955ರಲ್ಲಿ ತಮ್ಮದೇ ಆದ ರಚನೆಯನ್ನು ಮುಂದಿಟ್ಟರು. ಮೂರು ಸರಗಳ ಹುರಿ ಎಂಬ ಮೂಲ ಕಲ್ಪನೆಯು ಹಾಗೆಯೇ ಉಳಿಯಿತು. ಸರಗಳನ್ನು ಹೆಣೆಯುವ ಜಲಜನಕದ ಬಂಧಗಳು ಮೂರು ಮಣಿಗಳಿಗೆ ಎರಡೋ ಒಂದೋ ಎಂಬಲ್ಲಿ ಭೇದವು ಉಂಟಾಯಿತು. ನೇರವಾದ ಬಂಧವು ಒಂದೇ ಎಂಬ ಕೇಂಬ್ರಿಜಿನವರ ಮಾತೇ ಕಡೆಗೆ ನಿಂತಿತು. ಕ್ರಿಕ್ಕರು ಎರಡು ವರ್ಷ ಹಿಂದೆ ಡಿ. ಎನ್. ಎ.ಯ ರಚನೆಯನ್ನು ವಾಟ್ಸನ್ನರೊಡನೆ ಬಿಡಿಸಿ ಲೋಕಪ್ರಸಿದ್ಧರಾಗಿದ್ದವರು. ಅಂತಹವರ ಆಕ್ಷೇಪಣೆಗೆ ಸಿಕ್ಕಿದ ಮೂವತ್ತೆರಡು ವರ್ಷದ ಮದರಾಸಿನ ಪ್ರೊಫೆಸರರಿಗೆ ಇದು ಕಠಿನವಾದ ಗಳಿಗೆಯಾಗಿದ್ದಿತೆಂದು ನಾವು ಊಹಿಸಬಹುದು. ಕೋಪದಿಂದ ವಾದಕ್ಕೆ ನಿಲ್ಲಬಹುದಾಗಿತ್ತು, ನಾಚಿ ವಿಷಯವನ್ನೇ ಬಿಡಬಹುದಾಗಿತ್ತು. ರಾಮಚಂದ್ರನ್ನರು ಇವೆರಡನ್ನೂ ಮಾಡಲಿಲ್ಲ. ಆಕ್ಷೇಪಣೆಯನ್ನೇ ಪ್ರಶ್ನೆಯಾಗಿ ತಿರುಗಿಸಿಕೊಂಡರು. ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಹುದು? ಅದನ್ನು ನಿರ್ಣಯಿಸುವ ಅಳತೆ ಯಾವುದು?

ಈ ಪ್ರಶ್ನೆಗೆ ಮತ್ತೊಂದು ಕ್ಷ-ಕಿರಣದ ಚಿತ್ರವು ಉತ್ತರವನ್ನು ಕೊಡಲಾರದು. ಇಲ್ಲಿಯೇ ಅವರು ಎರಡನೆಯ ಗಡಿಯನ್ನು ದಾಟಿದರು. ಪ್ರಯೋಗಶಾಲೆಯ ಮೇಜಿನಿಂದ ಎದ್ದು ಲೆಕ್ಕದ ಮೇಜಿಗೆ ಕುಳಿತರು. ಆದರೆ ಬರಿಗೈಯಲ್ಲಿ ಕುಳಿತವರಲ್ಲ. ಅದುವರೆಗೆ ನಾನಾ ದೇಶಗಳ ವಿಜ್ಞಾನಿಗಳು ಅಮೈನೋ ಆಮ್ಲಗಳ ಮತ್ತು ಅವುಗಳ ಚಿಕ್ಕ ಚಿಕ್ಕ ತುಂಡುಸರಗಳ ಹರಳುಗಳನ್ನು ಅಳೆದು ಪ್ರಕಟಿಸಿದ್ದ ಅಂಕಿಗಳನ್ನೆಲ್ಲ ಒಟ್ಟುಮಾಡಿ, ಯಾವ ಪರಮಾಣುವು ಯಾವುದಕ್ಕೆ ಎಷ್ಟರ ವರೆಗೆ ಸಮೀಪಿಸಿದೆಯೆಂದು ಪಟ್ಟಿಮಾಡಿದರು. ಆ ಪಟ್ಟಿಯೇ ಮುಂದಿನ ಎಲ್ಲ ಲೆಕ್ಕಕ್ಕೂ ತಳಹದಿಯಾಯಿತು.

ತರುವಾಯದ ಲೆಕ್ಕವನ್ನು ನಮ್ಮ ವಿದ್ಯಾರ್ಥಿನಿಯರಿಗೆ ತಿಳಿಯುವಂತೆ ಹೇಳಲು ಯತ್ನಿಸುತ್ತೇವೆ. ಪ್ರೋಟೀನಿನ ಸರದಲ್ಲಿ ಒಂದು ಮಣಿಯನ್ನು ಇನ್ನೊಂದಕ್ಕೆ ಕೂಡಿಸುವ ಕೊಂಡಿಯು ಹಲಗೆಯಂತೆ ಚಪ್ಪಟೆಯಾಗಿ ಬಿಗಿಯಾಗಿರುವುದು, ಅದು ತಿರುಗಲಾರದು. ಎರಡು ಹಲಗೆಗಳ ನಡುವೆ ಒಂದೊಂದು ಇಂಗಾಲದ ಪರಮಾಣುವುಂಟು. ಅದರ ಎರಡು ಕಡೆಗಳಲ್ಲಿ ಮಾತ್ರ ಬಾಗಿಲಿನ ತಿರುಗಣಿಯಂತೆ ತಿರುಗಲು ಅವಕಾಶವಿದೆ. ಆದುದರಿಂದ ಇಡೀ ಸರದ ಭಂಗಿಯು ಪ್ರತಿ ಮಣಿಗೂ ಎರಡೆರಡು ಕೋನಗಳಿಂದ ನಿರ್ಣಯವಾಗುವುದು. ಈ ಕೋನಗಳನ್ನು ಫೈ, ಸೈ ಎಂಬ ಗ್ರೀಕ್ ಅಕ್ಷರಗಳಿಂದ ಸೂಚಿಸುವರು. ಒಂದನ್ನು ಅಡ್ಡಲಾಗಿಯೂ ಮತ್ತೊಂದನ್ನು ಉದ್ದವಾಗಿಯೂ ಗುರುತುಮಾಡಿದರೆ, ಶಾಲೆಯಲ್ಲಿ ಬರೆಯುವ ಗ್ರಾಫಿನಂತೆಯೇ ಒಂದು ಚೌಕವಾಯಿತು. ಆ ಚೌಕದ ಒಂದೊಂದು ಬಿಂದುವೂ ಸರದ ಒಂದೊಂದು ಭಂಗಿ.

ಪರಮಾಣುಗಳನ್ನು ಗಟ್ಟಿಯಾದ ಗೋಲಿಗಳೆಂದು ಭಾವಿಸಿ, ಚೌಕದಲ್ಲಿ ಕ್ರಮವಾಗಿ ಆರಿಸಿಕೊಂಡ ಬಿಂದುಗಳಲ್ಲಿ ಅವು ಒಂದಕ್ಕೊಂದು ತಾಕುವುವೋ ಇಲ್ಲವೋ ಎಂದು ಲೆಕ್ಕ ಹಾಕುತ್ತ ಹೋಗುವುದು. ತಾಕಿದರೆ ಆ ಭಂಗಿಯು ನಿಷಿದ್ಧ, ತಾಕದಿದ್ದರೆ ಸಾಧ್ಯ. ಮಾತಿನಲ್ಲಿ ಹೇಳಿದರೆ ಇಷ್ಟೇ. ಆದರೆ ಅಂದು ಈ ಕೆಲಸಕ್ಕೆ ದೊರೆತುದು ಮೇಜಿನ ಮೇಲಿಡುವ ಲೆಕ್ಕದ ಯಂತ್ರ ಮಾತ್ರ. ಕೂಡುವುದು ಕಳೆಯುವುದು ಮೊದಲಾದ ಸರಳ ಲೆಕ್ಕಗಳನ್ನು ಬಿಟ್ಟು ಬೇರೇನನ್ನೂ ತಾನಾಗಿ ಮಾಡದ ಯಂತ್ರವದು. ರಾಮಚಂದ್ರನ್ನರ ಶಿಷ್ಯರಾದ ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಎಂಬವರು ಈ ಶ್ರಮದ ಲೆಕ್ಕಗಳನ್ನು ತಾಳ್ಮೆಯಿಂದ ನಡೆಸಿದರು. ಮೂವರ ಹೆಸರಿನಲ್ಲಿಯೂ 1963ರಲ್ಲಿ ಈ ಫಲವು ಆಣವಿಕ ಜೀವಶಾಸ್ತ್ರದ ಆಂಗ್ಲ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಚೌಕದ ಸುಮಾರು ಮುಕ್ಕಾಲು ಪಾಲು ನಿಷಿದ್ಧ. ಉಳಿದ ಕೆಲವೇ ಎಡೆಗಳಲ್ಲಿ ಸರವು ನೆಲೆಸಬಲ್ಲುದು. ಒಂದೆಡೆಯಲ್ಲಿ ಕೂದಲಿನ ಪ್ರೋಟೀನಿನಂತಹ ಬಲಸುರುಳಿ, ಇನ್ನೊಂದೆಡೆಯಲ್ಲಿ ನಮ್ಮ ರೇಷ್ಮೆಯ ಹಾಸು, ಅದರ ನೆರೆಯಲ್ಲಿಯೇ ಕೊಲಾಜನ್ನಿನ ಹುರಿ. ಪಕ್ಕದ ಗುಂಪು ಇಲ್ಲದ ಗ್ಲೈಸೀನಿಗೆ ಮಾತ್ರ ಹೆಚ್ಚಿನ ಸ್ವಾತಂತ್ರ್ಯ.

ಈ ಚೌಕವನ್ನು ಲೋಕವು ಇಂದಿಗೂ ರಾಮಚಂದ್ರನ್ ನಕ್ಷೆಯೆಂದು ಕರೆಯುತ್ತದೆ. ಅದು ಪ್ರಕಟವಾದಾಗ ಪೂರ್ಣವಾಗಿ ಬಿಡಿಸಲ್ಪಟ್ಟಿದ್ದ ಪ್ರೋಟೀನುಗಳು ಬೆರಳೆಣಿಕೆಗೂ ಕಡಮೆ. ನೋಡದೆ ಇದ್ದುದನ್ನು ಲೆಕ್ಕದಿಂದ ಹೇಳಿದಂತಾಯಿತು. 1965ರಲ್ಲಿ ಲೈಸೋಜೈಮ್ ಎಂಬ ಪ್ರೋಟೀನಿನ ರಚನೆಯು ಲಂಡನ್ನಿನಲ್ಲಿ ಬಿಡಿಸಲ್ಪಟ್ಟಿತು. ತರುವಾಯ ಒಂದಾದ ಮೇಲೊಂದರಂತೆ ಬಂದ ರಚನೆಗಳಲ್ಲಿಯೂ ಬಿಂದುಗಳು ಬಹುಮಟ್ಟಿಗೆ ಆ ನಕ್ಷೆಯ ಅನುಮತಿಸಿದ ಎಡೆಗಳಲ್ಲಿಯೇ ಬಿದ್ದುವು. ಪ್ರೋಟೀನುಗಳ ರಚನೆಗಳನ್ನೆಲ್ಲ ಕೂಡಿಡುವ ಭಂಡಾರವೊಂದು 1971ರಲ್ಲಿ ಅಮೆರಿಕಾದಲ್ಲಿ ಏರ್ಪಟ್ಟಾಗ ಅದರಲ್ಲಿದ್ದುವು ಏಳು ರಚನೆಗಳು. ಇಂದು ಎರಡು ಲಕ್ಷಕ್ಕೂ ಮೀರಿವೆ. ಹೊಸದಾಗಿ ಸೇರುವ ಪ್ರತಿಯೊಂದು ರಚನೆಯ ತಪ್ಪುಒಪ್ಪುಗಳನ್ನು ಪರೀಕ್ಷಿಸಲು ಇಂದಿಗೂ ಈ ನಕ್ಷೆಯನ್ನು ಬಳಸುವರು. ಒಬ್ಬರು ತೋರಿಸಿದ ತಪ್ಪಿನಿಂದ ಹುಟ್ಟಿದ ಕೆಲಸವು ಎಲ್ಲರ ತಪ್ಪನ್ನೂ ಕಂಡುಹಿಡಿಯುವ ಒರೆಗಲ್ಲಾಯಿತು.

ಇದೇ ಕಾಲದಲ್ಲಿ ಕಡಲಾಚೆಯಲ್ಲಿ ಒಬ್ಬ ಮಹಿಳೆಯೂ ಇಂತಹ ಗಡಿಯನ್ನು ದಾಟುತ್ತಿದ್ದರು. ಅಮೆರಿಕಾದ ಮಾರ್ಗರೆಟ್ ಡೇಹಾಫ್ ಎಂಬಾಕೆ 1925ರಲ್ಲಿ ಹುಟ್ಟಿದವರು. ರಸಾಯನಶಾಸ್ತ್ರವನ್ನು ಓದುತ್ತಿರುವಾಗಲೇ, ರಂಧ್ರ ಕೊರೆದ ಕಾಗದದ ಪಟ್ಟಿಗಳಿಂದ ನಡೆಯುವ ಲೆಕ್ಕದ ಯಂತ್ರಗಳನ್ನು ಅಣುಗಳ ಗಣನೆಗೆ ಬಳಸಿ 1948ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಮುಂದೆ, ಅದುವರೆಗೆ ತಿಳಿದುಬಂದಿದ್ದ ಪ್ರೋಟೀನುಗಳ ಮಣಿಕ್ರಮವನ್ನೆಲ್ಲ ಒಟ್ಟುಮಾಡಿ 1965ರಲ್ಲಿ ಒಂದು ಸಂಪುಟವಾಗಿ ಹೊರತಂದರು. ಇಪ್ಪತ್ತು ಅಮೈನೋ ಆಮ್ಲಗಳಿಗೆ ಒಂದೊಂದೇ ಅಕ್ಷರದ ಸಂಕೇತವನ್ನು ಕೊಟ್ಟವರೂ ಅವರೇ. ಡೇಹಾಫರು ಮಣಿಗಳ ಕ್ರಮವನ್ನು ಲೆಕ್ಕಕ್ಕೆ ತಂದರು, ರಾಮಚಂದ್ರನ್ನರು ಸರದ ಮಡಿಕೆಯನ್ನು ಲೆಕ್ಕಕ್ಕೆ ತಂದರು. ಇಂದು ಗಣಕ ಜೀವಶಾಸ್ತ್ರವೆಂದು ಕರೆಯುವ ವಿದ್ಯೆಗೆ ಇವೆರಡೂ ತಳಪಾಯದ ಕಲ್ಲುಗಳು. 1983ರಲ್ಲಿ ಆಕೆಯು ತೀರಿಕೊಂಡರು.

ಮುದಲಿಯಾರವರು 1969ರಲ್ಲಿ ನಿವೃತ್ತರಾದ ತರುವಾಯ ರಾಮಚಂದ್ರನ್ನರು ಮದರಾಸನ್ನು ಬಿಟ್ಟು, ತಾವು ಇಪ್ಪತ್ತರ ಪ್ರಾಯದಲ್ಲಿ ಬಂದು ಸೇರಿದ್ದ ಬೆಂಗಳೂರಿನ ವಿಜ್ಞಾನ ಮಂದಿರಕ್ಕೇ ಮರಳಿ ಬಂದರು. ಅಲ್ಲಿ ಆಣವಿಕ ಜೀವಭೌತಶಾಸ್ತ್ರದ ವಿಭಾಗವನ್ನು ಸ್ಥಾಪಿಸಿದರು. ಅದು ಇಂದಿಗೂ ನಡೆದು ಬರುತ್ತಿದ್ದು, ದೇಶದ ಹಲವು ಮಂದಿ ವಿಜ್ಞಾನಿಗಳಿಗೆ ತವರಾಗಿದೆ.

1971ರಲ್ಲಿ ಅವರು ಎ. ವಿ. ಲಕ್ಷ್ಮೀನಾರಾಯಣನ್ ಎಂಬವರೊಡನೆ ಪ್ರಕಟಿಸಿದ ಇನ್ನೊಂದು ಗಣನೆಯನ್ನು ಹೇಳದೆ ಬಿಡಬಾರದು. ಒಂದು ವಸ್ತುವಿನ ಮೂಲಕ ನಾನಾ ದಿಕ್ಕುಗಳಿಂದ ಕಿರಣವನ್ನು ಹಾಯಿಸಿ ಪಡೆದ ನೆರಳುಗಳಿಂದ, ಅದರ ಒಳಗಿನ ಚಿತ್ರವನ್ನು ಮತ್ತೆ ಕಟ್ಟುವುದು ಹೇಗೆ? ಅದಕ್ಕೆ ಆಗ ಬಳಕೆಯಲ್ಲಿದ್ದ ಗಣಿತವು ಗಣಕಯಂತ್ರದ ಕಾಲವನ್ನು ಬಹಳವಾಗಿ ನುಂಗುತ್ತಿದ್ದಿತು. ಇವರು ತೋರಿಸಿದ ದಾರಿಯು ಅದಕ್ಕಿಂತ ಸುಲಭವೂ ಶೀಘ್ರವೂ ಆಗಿದ್ದಿತು. ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಯ ತಲೆಯನ್ನೋ ಎದೆಯನ್ನೋ ಸೀಳದೆ ಪದರ ಪದರವಾಗಿ ನೋಡುವ ಸಿ. ಟಿ. ಸ್ಕ್ಯಾನ್ ಯಂತ್ರಗಳಲ್ಲಿ ಈ ಬಗೆಯ ಗಣನೆಯು ಬಳಕೆಗೆ ಬಂದಿತು. ಇಬ್ಬರ ಹೆಸರುಗಳ ಮೊದಲ ಭಾಗವನ್ನು ಕೂಡಿಸಿ ರಾಮ್-ಲಕ್ ಎಂದು ಅದರ ಒಂದು ಅಂಗವನ್ನು ಇಂದಿಗೂ ಕರೆಯುವರು. ನಮ್ಮೂರಿನ ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿದವರನ್ನು ಆಸ್ಪತ್ರೆಗೆ ಒಯ್ದಾಗ ಮೊದಲು ಆಗುವ ಪರೀಕ್ಷೆಗಳಲ್ಲಿ ಇದೊಂದು. ಹರಳಿನ ನೆರಳನ್ನು ಓದಲು ಕಲಿತ ವಿದ್ಯೆಯು ಎಲ್ಲಿಗೆ ಬಂದು ಮುಟ್ಟಿತೆಂಬುದನ್ನು ವಾಚಕರು ಯೋಚಿಸಲಿ.

1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ರಾಮಚಂದ್ರನ್ನರನ್ನು ತನ್ನ ಸದಸ್ಯರನ್ನಾಗಿ ಆರಿಸಿಕೊಂಡಿತು. 1999ರಲ್ಲಿ ಅಂತರರಾಷ್ಟ್ರೀಯ ಸ್ಫಟಿಕಶಾಸ್ತ್ರ ಸಂಘವು ಎವಾಲ್ಡ್ ಬಹುಮಾನದಿಂದ ಗೌರವಿಸಿತು. ನೊಬೆಲ್ ಪಾರಿತೋಷಕವು ಅವರಿಗೆ ದೊರೆಯಲಿಲ್ಲ. ಕರ್ನಾಟಕ ಸಂಗೀತದಲ್ಲಿ ಅವರಿಗೆ ಆಸಕ್ತಿಯಿದ್ದಿತು. ಮುಪ್ಪಿನಲ್ಲಿ ತರ್ಕಶಾಸ್ತ್ರವನ್ನು ಗಣಿತದ ಚೌಕಟ್ಟಿಗೆ ತರುವ ಯತ್ನವನ್ನೂ ಮಾಡಿದರು. ಅವರ ಕಡೆಯ ವರ್ಷಗಳು ಸುಖದಲ್ಲಿ ಕಳೆಯಲಿಲ್ಲ. ಪಾರ್ಕಿನ್ಸನ್ ರೋಗವು ಶರೀರವನ್ನು ಕುಗ್ಗಿಸಿತು. 1945ರಿಂದ ಜೊತೆಯಾಗಿದ್ದ ಪತ್ನಿ ರಾಜಲಕ್ಷ್ಮಿಯವರು 1998ರಲ್ಲಿ ಅಗಲಿದರು. 2001ನೆಯ ಇಸವಿ ಏಪ್ರಿಲ್ 7ರಂದು ಚೆನ್ನೈನಲ್ಲಿ ರಾಮಚಂದ್ರನ್ನರು ಕಾಲವಾದರು.

ಅವರು ಗತಿಸಿದ ಮೇಲೆ ಕಾಲವು ಬಹುದೂರ ಸಾಗಿದೆ. ಮಣಿಗಳ ಕ್ರಮವನ್ನು ಮಾತ್ರ ಕೊಟ್ಟರೆ ಸರದ ಮಡಿಕೆಯನ್ನು ಗಣಕಯಂತ್ರವೇ ಊಹಿಸಿ ಹೇಳುವ ಉಪಾಯವನ್ನು ಕಂಡುಕೊಂಡುದಕ್ಕಾಗಿ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಎಂಬಿಬ್ಬರು 2024ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಆ ಯಂತ್ರವೂ ತಾನಾಗಿ ಕಲಿತುದಲ್ಲ. ಸಾವಿರಾರು ಮಂದಿ ಪ್ರಯೋಗಶಾಲೆಗಳಲ್ಲಿ ಹರಳು ಬೆಳೆಸಿ ಅಳೆದು ಭಂಡಾರಕ್ಕೆ ಕೊಟ್ಟ ರಚನೆಗಳಿಂದ ಕಲಿತುದು. ನಮ್ಮ ಊರಿನಿಂದ ಚಂದಾಪುರ ಬೊಮ್ಮಸಂದ್ರಗಳನ್ನು ದಾಟಿ ಹೋದರೆ ಸಿಕ್ಕುವ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಗಣಕ ಜೀವಶಾಸ್ತ್ರವನ್ನೇ ಕಲಿಸುವ ಐ. ಬಿ. ಎ. ಬಿ. ಎಂಬ ಸಂಸ್ಥೆಯು ನಡೆಯುತ್ತಿದೆ. ಬೆಂಗಳೂರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ನಾವು ನಿತ್ಯ ನೋಡುವ ಗಾಜಿನ ಕಟ್ಟಡಗಳ ನಡುವೆಯೇ ಈ ವಿದ್ಯೆಯೂ ಬೆಳೆಯುತ್ತಿದೆ.

ಈ ಚರಿತ್ರೆಯಿಂದ ನಾವು ಗ್ರಹಿಸಿಕೊಂಡುದು ಎರಡು ಮಾತು. ಪ್ರಯೋಗಶಾಲೆಯಿಂದ ಲೆಕ್ಕಕ್ಕೆ ಹೋಗುವುದು ಜೀವಶಾಸ್ತ್ರವನ್ನು ತೊರೆದುಹೋಗುವುದಲ್ಲ. ರಾಮಚಂದ್ರನ್ನರು ತಮ್ಮ ಪ್ರಶ್ನೆಯನ್ನು ಬಿಡಲಿಲ್ಲ. ಅದಕ್ಕೆ ಉತ್ತರ ಕೊಡಬಲ್ಲ ಸಾಧನವನ್ನು ಮಾತ್ರ ಬದಲಾಯಿಸಿದರು. ಇದು ಮೊದಲನೆಯದು. ಹಾಗೆಯೇ, ಹರಳುಗಳ ಅಳತೆಯನ್ನು ಬಲ್ಲವರಾಗಿದ್ದುದರಿಂದಲೇ ಅವರ ಲೆಕ್ಕಕ್ಕೆ ಬೆಲೆ ಬಂದಿತು. ಕೈಯಿಂದ ಮಾಡಿ ನೋಡಿದ ವಿದ್ಯೆಯನ್ನು ಕೀಳೆಂದು ಭಾವಿಸಿ ಬರಿಯ ಯಂತ್ರವನ್ನು ನಂಬುವವರು, ಯಂತ್ರವು ಕೊಟ್ಟ ಉತ್ತರವು ಸರಿಯೋ ತಪ್ಪೋ ಎಂಬುದನ್ನು ತಿಳಿಯಲಾರರು. ಇದು ಎರಡನೆಯದು.

ಆದುದರಿಂದ, ಹತ್ತನೆಯ ತರಗತಿಯ ಸೋದರಿಯರೇ, ಇನ್ನು ಮುಂದೆ ನೀವು ನಮ್ಮನ್ನು ಕೇಳಲು ಬಂದಾಗ ನಾವು ಹಳೆಯ ಉತ್ತರವನ್ನು ಕೊಡುವುದಿಲ್ಲ. ಗಿಡವನ್ನೂ ಹುಳುವನ್ನೂ ಮನುಷ್ಯ ಶರೀರವನ್ನೂ ಅರಿಯಲು ನಿಮಗೆ ಆಸೆಯಿದ್ದರೆ ಜೀವಶಾಸ್ತ್ರವನ್ನು ಹಿಡಿಯಿರಿ. ಆದರೆ ಗಣಿತವನ್ನು ಬಿಡಬೇಡಿರಿ. ಅದು ಕಷ್ಟವಾದರೆ ನಿಧಾನವಾಗಿ ಕಲಿಯಿರಿ, ಕಲಿಸುವ ಭಾರವು ನಮ್ಮದು. ಗ್ರಾಫಿನ ಕಾಗದದ ಮೇಲೆ ಎರಡು ಗೆರೆಗಳನ್ನೆಳೆದು ಬಿಂದುಗಳನ್ನು ಗುರುತಿಸುವಾಗ ಇದರಿಂದ ಏನು ಪ್ರಯೋಜನವೆಂದು ನಿಮ್ಮಲ್ಲಿ ಅನೇಕರು ಕೇಳುವುದುಂಟು. ಅಂತಹುದೇ ಒಂದು ಚೌಕದಲ್ಲಿ ಜೀವದ ಒಂದು ಗುಟ್ಟು ಅಡಗಿದ್ದಿತೆಂಬುದನ್ನು ಈಗ ನೀವು ಓದಿದ್ದೀರಿ. ರಾತ್ರಿಯ ಹೊತ್ತು ಒಬ್ಬಳೇ ಕುಳಿತು ಬೀಜಗಣಿತವನ್ನು ಮರಳಿ ಕಲಿತ ನಮ್ಮ ಹಳೆಯ ವಿದ್ಯಾರ್ಥಿನಿಯು ಈಗ ಆ ಕೆಲಸದಲ್ಲಿಯೇ ನೆಲೆನಿಂತಿದ್ದಾಳೆ. ಆಕೆಗೆ ಈ ಲೇಖನವನ್ನು ಕಳುಹಿಸಿಕೊಡುತ್ತಿದ್ದೇವೆ. ಅಂದು ಕೊಡದ ಉತ್ತರವು ತಡವಾಗಿಯಾದರೂ ಆಕೆಯನ್ನು ಮುಟ್ಟಲಿ.